ಮಾಲ್ಟಾದಲ್ಲಿ ಒಂದು ಜುಮ್ಮಾ

ಹಡಗಿನಲ್ಲಿ ಹೋಗಿ ಬಂದೆ ಎಂದರೆ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಖರ್ಚಾಯ್ತು?" ಕಾಮರ್ಸ್ ವಿದ್ಯಾರ್ಥಿಗಳು ಇನ್ನೇನು ಕೇಳುತ್ತಾರೆ! ಆದ್ದರಿಂದ ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. ನಾವು ಶ್ರೀಮಂತರಲ್ಲ. ಅಬ್ಬು ಅವರದು ಚಿಕ್ಕ ಬಟ್ಟೆ ಅಂಗಡಿ. ನನ್ನ ಮಾಮು, ಅಂದರೆ ಅಮ್ಮಿಯ ತಮ್ಮ, ಒಂದು ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಕೆಲಸಗಾರರ ಹತ್ತಿರದ ಸಂಬಂಧಿಕರಿಗೆ ಕಡಿಮೆ ದರದಲ್ಲಿ ಕ್ಯಾಬಿನ್ ಸಿಗುತ್ತದೆ. ಮಾಮುಗೆ ಇನ್ನೂ ಮದುವೆಯಾಗಿಲ್ಲ. ಅದಕ್ಕೆ ಆ ಸೌಲಭ್ಯವನ್ನು ನಮಗೆ ಬರೆಸಿದರು. ವಿಮಾನದ ಟಿಕೆಟ್ ಮತ್ತು ವೀಸಾಕ್ಕೆ ಅಬ್ಬು ಚೀಟಿ ಎತ್ತಿದರು. ಆ ಚೀಟಿಯ ಕಂತು ಈಗಲೂ ಕಟ್ಟುತ್ತಿದ್ದೇವೆ.

ಕಳೆದ ಮೇ ತಿಂಗಳಲ್ಲಿ, ಪ್ರಥಮ ಪಿಯುಸಿ ಫಲಿತಾಂಶ ಬಂದ ಮೇಲೆ, ಅಮ್ಮಿ ಮತ್ತು ನಾನು ಹೊರಟೆವು. ಬೆಂಗಳೂರಿನಿಂದ ರೋಮ್, ರೋಮ್ ಹತ್ತಿರದ ಬಂದರಿನಿಂದ ಹಡಗು. ಎಲ್ಲರೂ ಸಮುದ್ರ ನೋಡಲು ಹೋಗುತ್ತಾರೆ. ನಾವು ಹೋದದ್ದು ಮಾಮು ಅವರನ್ನು ನೋಡಲು. ಯಾಕೆಂದರೆ ಅವರು ಊರಿಗೆ ಬಂದು ಎರಡು ವರ್ಷ ದಾಟಿತ್ತು.

ನಮ್ಮ ನಾನಾ ಅವರದು ಚಿತ್ರದುರ್ಗ. ಸಂತೆಪೇಟೆಯ ಹತ್ತಿರ ಒಂದು ಸೈಕಲ್ ಶಾಪ್ ಇಟ್ಟುಕೊಂಡಿದ್ದರು. ಮೊದಲು ಬಾಡಿಗೆ ಸೈಕಲ್, ಆಮೇಲೆ ಬರೀ ಪಂಕ್ಚರ್ ಮತ್ತು ರಿಪೇರಿ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಫಜರ್ ನಮಾಜಿನ ನಂತರ ಎದೆನೋವು ಎಂದರು. ಆಸ್ಪತ್ರೆಗೆ ಸೇರಿಸುವ ಮೊದಲೇ ತೀರಿಕೊಂಡರು. ಆಗ ಮಾಮು ಅವರ ಹಡಗು ಅಟ್ಲಾಂಟಿಕ್ ಸಾಗರದ ನಡುವೆ ಇತ್ತು. ಮುಂದಿನ ಬಂದರು ನಾಲ್ಕು ದಿನದ ದೂರ. ನಮ್ಮಲ್ಲಿ ಮಯ್ಯತ್ ಇಟ್ಟುಕೊಂಡು ಕಾಯುವ ಪದ್ಧತಿ ಇಲ್ಲ, ನಿಮಗೆಲ್ಲ ಗೊತ್ತು. ಅದೇ ದಿನ ಅಸರ್ ಆದ ಮೇಲೆ ದಫನ್ ಆಯಿತು. ಮಾಮು ಫೋನಿನಲ್ಲಿ ಅತ್ತರು. ಕಾಂಟ್ರಾಕ್ಟ್ ಮುಗಿದ ಮೇಲೆ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಮುಂಬೈಯಲ್ಲಿ ಎರಡು ತಿಂಗಳು ಯಾರದೋ ರೂಮಿನಲ್ಲಿದ್ದು ಮತ್ತೆ ಹಡಗು ಹತ್ತಿದರು. ಆಮೇಲೂ ಹಾಗೆಯೇ ಮಾಡಿದರು.

ಕಾರಣ ಅಮ್ಮಿಗೆ ಗೊತ್ತಿತ್ತು. ನಾನಾ ತೀರಿಕೊಳ್ಳುವ ಮೊದಲಿನ ಮೂರು ತಿಂಗಳು ಮಾಮು ಮನೆಗೆ ಹಣ ಕಳಿಸಿರಲಿಲ್ಲ. "ಅಂಗಡಿ ಮುಚ್ಚಿ ಆಪಾ ಮನೆಗೆ ಹೋಗಿ ಇರಿ, ಈ ವಯಸ್ಸಿನಲ್ಲಿ ಪಂಕ್ಚರ್ ಹಾಕುವುದು ಬೇಡ" ಎಂದು ಮಾಮು ಹಟ ಹಿಡಿದಿದ್ದರು. ನಾನಾ ಒಪ್ಪಲಿಲ್ಲ. "ಹಾಗಾದರೆ ನಷ್ಟದ ಅಂಗಡಿಗೆ ನಾನು ಹಣ ಹಾಕುವುದಿಲ್ಲ" ಎಂದು ಮಾಮು ಸಿಟ್ಟಿನಲ್ಲಿ ಹೇಳಿದ್ದರು. ಸಿಟ್ಟು ಇಳಿಯುವ ಮೊದಲೇ ನಾನಾ ಹೋಗಿಬಿಟ್ಟರು.

ಈ ವರ್ಷ ರಂಜಾನ್‌ನಲ್ಲಿ ಅಂಗಡಿಯ ಟ್ರಂಕು ಖಾಲಿ ಮಾಡುವಾಗ ಕೆಂಪು ಬಟ್ಟೆ ಹೊದಿಸಿದ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ನಾನಾ ಅವರದು ಕನ್ನಡ ಶಾಲೆ, ಏಳನೆಯ ಇಯತ್ತೆಯವರೆಗೆ. ಲೆಕ್ಕ ಬರೆಯುತ್ತಿದ್ದದ್ದು ಕನ್ನಡದಲ್ಲೇ, ಅಂಕಿಗಳೂ ಕನ್ನಡದವು. ಆದರೆ ಅಮ್ಮಿ ಮತ್ತು ಮಾಮು ಓದಿದ್ದು ಉರ್ದು ಶಾಲೆಯಲ್ಲಿ. ಬಸ್ಸಿನ ಬೋರ್ಡು ಓದುತ್ತಾರೆ, ಕೈಬರಹ ಓದಲು ಬರುವುದಿಲ್ಲ. ಹೀಗಾಗಿ ಆ ಪುಸ್ತಕವನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ನಾನು ಪಿಯುಸಿಯಲ್ಲಿ ಉರ್ದು ಬಿಟ್ಟು ಕನ್ನಡ ತೆಗೆದುಕೊಂಡಾಗ ಮನೆಯಲ್ಲಿ ಎಲ್ಲರೂ ಬೈದಿದ್ದರು, ಮಾರ್ಕ್ಸ್ ಕಡಿಮೆಯಾಗುತ್ತದೆ ಎಂದು. "ತೆಗೆದುಕೊಳ್ಳಲಿ ಬಿಡಿ" ಎಂದು ನಾನಾ ಹಿಂದೆಯೇ ಹೇಳಿದ್ದರಂತೆ.

ಅಮ್ಮಿಗೆ ಅಷ್ಟೂ ಪುಟ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದು ಫೋನಿನಲ್ಲಿ ಹೇಳುವ ಮಾತಲ್ಲ" ಎಂದರು. ಪುಸ್ತಕವನ್ನು ದುಪಟ್ಟಾದಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡರು. ಚಿತ್ರದುರ್ಗದ ಸೈಕಲ್ ಶಾಪಿನ ಲೆಕ್ಕ ಹೀಗೆ ಮೆಡಿಟರೇನಿಯನ್ ಸಮುದ್ರಕ್ಕೆ ಬಂತು.

ಹಡಗಿನಲ್ಲಿ ಮಾಮು ನಮ್ಮ ಜೊತೆ ಇರುತ್ತಾರೆ ಎಂದು ನಾನು ತಿಳಿದಿದ್ದೆ. ಅದು ಸುಳ್ಳಾಯಿತು. ನಾವು ಒಂಬತ್ತನೆಯ ಮಹಡಿ, ಅವರು ನೀರಿನ ಮಟ್ಟಕ್ಕಿಂತ ಕೆಳಗೆ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಟವೆಲ್, ಬೆಡ್‌ಶೀಟ್ ಒಗೆಯುವುದು, ಒಣಗಿಸುವುದು, ಮಡಿಸುವುದು. ರಾತ್ರಿ ಒಂದು ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ಸಿಗುತ್ತಿದ್ದರು. ಆ ಇಪ್ಪತ್ತು ನಿಮಿಷದಲ್ಲಿ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು ಅವರಿಗೆ. ಅಮ್ಮಿ ಬ್ಯಾಗಿನ ಜಿಪ್ಪಿನ ಮೇಲೆ ಕೈ ಇಡುವರು, ತೆಗೆಯುವರು. ಮೂರು ರಾತ್ರಿ ಹೀಗೇ ಹೋಯಿತು.

ಮಾಲ್ಟಾ ದ್ವೀಪದಲ್ಲಿ ಇಳಿಯುವ ದಿನ ಶುಕ್ರವಾರ. ಮಾಮುಗೆ ಬೆಳಗ್ಗೆ 11ರಿಂದ ಮಧ್ಯಾಹ್ನ 3:30ರವರೆಗೆ ಹೊರಗೆ ಹೋಗಲು ಅನುಮತಿ ಸಿಕ್ಕಿತು. ನಾಲ್ಕೂವರೆ ಗಂಟೆ. "ಆಪಾ, ನಿಮಗೆ ಊರು ತೋರಿಸಬೇಕು. ಆದರೆ ಒಂದು ಮಾತು. ನಾನು ಮಸೀದಿಯಲ್ಲಿ ಜುಮ್ಮಾ ಮಾಡಿ ಆರು ತಿಂಗಳಾಯಿತು. ಇಲ್ಲಿ ಒಂದು ಮಸೀದಿ ಇದೆ" ಎಂದರು. ಅಮ್ಮಿ, "ಊರು ನೋಡದಿದ್ದರೂ ನಡೆಯುತ್ತದೆ" ಎಂದರು. ನನಗೆ ಮಾತ್ರ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಚೀಟಿ ಎತ್ತಿ ಬಂದು ಊರು ನೋಡದೆ ಹೋಗುವುದೇ?

ಹಾಗಾಗಿ ಮಾಮು ಬರುವ ಮೊದಲು ಅಮ್ಮಿಯನ್ನು ಒಪ್ಪಿಸಿ ಬೆಳಗ್ಗೆ ಎಂಟೂವರೆಗೇ ಇಳಿದೆವು. ಮಾಲ್ಟಾ ಎಂದರೆ ಇಟಲಿಯ ಸಿಸಿಲಿಗೂ ಆಫ್ರಿಕಾಕ್ಕೂ ನಡುವೆ ಇರುವ ಒಂದು ಚಿಕ್ಕ ದೇಶ. ಎಲ್ಲ ದ್ವೀಪ ಸೇರಿ 316 ಚದರ ಕಿಲೋಮೀಟರ್, ನಮ್ಮ ಒಂದು ತಾಲೂಕಿಗಿಂತ ಚಿಕ್ಕದು. ರಾಜಧಾನಿ ವಾಲೆಟ್ಟಾ. ಹಡಗಿನಿಂದ ನೋಡಿದರೆ ಊರೆಲ್ಲ ಒಂದೇ ಬಣ್ಣ, ಜೇನಿನ ಬಣ್ಣದ ಸುಣ್ಣಕಲ್ಲು. ಕೋಟೆ, ಮನೆ, ಚರ್ಚು, ಮೆಟ್ಟಿಲು ಎಲ್ಲವೂ ಅದೇ ಕಲ್ಲು. ಬಂದರಿನ ಪಕ್ಕದಲ್ಲೇ ಒಂದು ದೊಡ್ಡ ಲಿಫ್ಟ್ ಇದೆ. 58 ಮೀಟರ್ ಎತ್ತರ. ಅದರಲ್ಲಿ ನಿಂತರೆ ನೇರವಾಗಿ ಕೋಟೆಯ ಮೇಲಿನ ಅಪ್ಪರ್ ಬರಾಕ್ಕಾ ಎಂಬ ತೋಟಕ್ಕೆ ಹೋಗುತ್ತೇವೆ. ಅಲ್ಲಿಂದ ಇಡೀ ಬಂದರು ಅಂಗೈಯ ಮೇಲೆ ಇಟ್ಟ ಹಾಗೆ ಕಾಣುತ್ತದೆ. ನಮ್ಮ ಹಡಗು ಕೂಡ ಆಟದ ಸಾಮಾನಿನ ಹಾಗೆ ಕಂಡಿತು.

ತೋಟದಲ್ಲಿ ಒಬ್ಬ ಗೈಡ್ ತನ್ನ ಗುಂಪಿಗೆ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದ. 1565ರಲ್ಲಿ ತುರ್ಕರ ದೊಡ್ಡ ಸೈನ್ಯ ಹಡಗುಗಳಲ್ಲಿ ಬಂದು ಈ ದ್ವೀಪವನ್ನು ಮುತ್ತಿತು. ಸೇಂಟ್ ಜಾನ್ ಪಂಗಡದ ಯೋಧರು ಮತ್ತು ಊರಿನ ಜನ ಸುಮಾರು ನಾಲ್ಕು ತಿಂಗಳು ಹೋರಾಡಿ ಅವರನ್ನು ಹಿಂದೆ ಕಳಿಸಿದರು. ಮರುವರ್ಷ ಅವರ ಮುಖ್ಯಸ್ಥ ಲಾ ವಾಲೆಟ್ ಹೆಸರಿನಲ್ಲಿ ಈ ಊರು ಕಟ್ಟಲು ಶುರು ಮಾಡಿದರು. ಕಥೆ ಚೆನ್ನಾಗಿತ್ತು. ಆದರೆ "ತುರ್ಕರು" ಎಂದಾಗ ಗುಂಪಿನ ಒಂದಿಬ್ಬರು ಅಮ್ಮಿಯ ಬುರ್ಖಾ ಕಡೆ ತಿರುಗಿ ನೋಡಿದರು. ಕೆಟ್ಟ ನೋಟವಲ್ಲ, ಸುಮ್ಮನೆ ನೋಡಿದರು ಅಷ್ಟೇ.

ಆ ನೋಟ ನನಗೆ ಹೊಸದಲ್ಲ. ಐದನೆಯ ತರಗತಿಯಲ್ಲಿ ಶಾಲೆಯಿಂದ ದುರ್ಗದ ಕೋಟೆಗೆ ಪ್ರವಾಸ ಹೋಗಿದ್ದೆವು. ಓಬವ್ವನ ಕಿಂಡಿಯ ಮುಂದೆ ಮೇಷ್ಟ್ರು ಹೈದರಾಲಿಯ ಸೈನಿಕರ ಕಥೆ ಹೇಳುವಾಗ ನಾಲ್ಕೈದು ತಲೆ ನನ್ನ ಕಡೆ ತಿರುಗಿದ್ದವು. ಸಂಜೆ ನಾನಾ ಅವರ ಅಂಗಡಿಗೆ ಹೋಗಿ ಅತ್ತೆ. ನಾನಾ ಸೈಕಲ್ ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದವರು ತಲೆ ಎತ್ತದೆ ಹೇಳಿದರು: "ಓಬವ್ವ ಯಾವ ಊರಿನವಳು? ದುರ್ಗದವಳು. ನಾವು ಯಾವ ಊರಿನವರು? ದುರ್ಗದವರು. ಮುಗೀತಲ್ಲ." ವಾಲೆಟ್ಟಾದ ಆ ತೋಟದಲ್ಲಿ ನನಗೆ ಈ ಮಾತು ನೆನಪಾಯಿತು. ಅಮ್ಮಿಗೆ ಗೈಡ್ ಹೇಳಿದ್ದು ಅರ್ಥವಾಗಿರಲಿಲ್ಲ. "ಏನಂತೆ?" ಎಂದರು. "ಕೋಟೆಯ ಕಥೆ, ನಮ್ಮ ದುರ್ಗದ ಹಾಗೆಯೇ" ಎಂದೆ.

ಹನ್ನೊಂದೂಕಾಲಿಗೆ ಮಾಮು ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕೈಯಲ್ಲಿ ಟೋಪಿ. ಹಡಗಿನಲ್ಲಿ ಯೂನಿಫಾರ್ಮಿನಲ್ಲಿ ನೋಡಿದ್ದ ಮನುಷ್ಯ ಇವರೇನಾ ಅನಿಸಿತು. ಬಸ್ ನಿಲ್ದಾಣದ ಕಡೆ ನಡೆಯುವಾಗ ಢಂ ಎಂದು ತೋಪಿನ ಶಬ್ದವಾಯಿತು. ಅಮ್ಮಿ ಬೆಚ್ಚಿ ನನ್ನ ಕೈ ಹಿಡಿದುಕೊಂಡರು. ಮಾಮು ನಕ್ಕರು. ಅಲ್ಲಿ ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಕೋಟೆಯಿಂದ ತೋಪು ಹಾರಿಸುತ್ತಾರೆ. ಹಿಂದೆ ಬಂದರಿನಲ್ಲಿದ್ದ ಹಡಗಿನವರು ಆ ಶಬ್ದಕ್ಕೆ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. "ಈಗ ಮೂರೂವರೆ ಗಂಟೆ ಉಳಿದಿದೆ" ಎಂದು ಮಾಮು ತಮ್ಮ ಕೈಗಡಿಯಾರ ನೋಡಿಕೊಂಡರು.

ಬಸ್ ಟಿಕೆಟ್ ಆಗ ಒಬ್ಬರಿಗೆ ಎರಡು ಯೂರೋ ಇತ್ತು. ಒಂದು ಯೂರೋಗೆ ಆಗ ಸುಮಾರು 95 ರೂಪಾಯಿ ಇತ್ತು, ಅಂದರೆ ಮೂವರಿಗೆ 570 ರೂಪಾಯಿ! ಆದರೆ ಒಂದು ಅನುಕೂಲವಿದೆ. ಟಿಕೆಟ್ ಎರಡು ಗಂಟೆ ಚಾಲ್ತಿಯಲ್ಲಿರುತ್ತದೆ. ನಾವು ಹತ್ತಿದ್ದು 12:15ಕ್ಕೆ. 2:15ರೊಳಗೆ ವಾಪಸ್ ಬಸ್ ಹತ್ತಿದರೆ 570 ರೂಪಾಯಿ ಉಳಿತಾಯ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಬಸ್ಸಿನಲ್ಲಿ ಅಮ್ಮಿಯ ಪಕ್ಕ ಒಬ್ಬ ಅಜ್ಜಿ ಕುಳಿತಿದ್ದರು. ಕೊರಳಲ್ಲಿ ಶಿಲುಬೆ, ತೊಡೆಯ ಮೇಲೆ ತರಕಾರಿ ಚೀಲ. ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ನಾನು ಕಿಟಕಿ ನೋಡುತ್ತಿದ್ದವಳು ತಟ್ಟನೆ ತಿರುಗಿದೆ. ಆ ಮಾತಿನ ನಡುವೆ "ಜಿಮಾ" ಎಂಬ ಶಬ್ದ ಬಂತು. ಆಮೇಲೆ "ಹಮ್ಸಾ". ಮದ್ರಸಾದಲ್ಲಿ ಎಣಿಕೆ ಕಲಿತವರಿಗೆ ಹಮ್ಸಾ ಎಂದರೆ ಐದು ಎಂದು ಗೊತ್ತು. ಕೊನೆಗೆ ಫೋನ್ ಇಡುವಾಗ ಅಜ್ಜಿ "ಯೆಕ್ ಅಲ್ಲಾ ಯ್ರಿದ್" ಎಂದರು. ಅಮ್ಮಿ ಅವರ ಕೊರಳಿನ ಶಿಲುಬೆ ನೋಡಿದರು, ನನ್ನ ಮುಖ ನೋಡಿದರು.

ನಾನು ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಅಲ್ಲಿ ಬಹುತೇಕ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, 1964ರವರೆಗೆ ಬ್ರಿಟಿಷರ ಆಳ್ವಿಕೆ ಇತ್ತಲ್ಲ. ಅಜ್ಜಿ ಖುಷಿಯಿಂದ ಹೇಳಿದರು. ಅವರ ಮಾಲ್ಟೀಸ್ ಭಾಷೆಯಲ್ಲಿ ಶುಕ್ರವಾರಕ್ಕೆ ಜಿಮಾ ಎನ್ನುತ್ತಾರೆ. "ಯೆಕ್ ಅಲ್ಲಾ ಯ್ರಿದ್" ಎಂದರೆ ದೇವರು ಬಯಸಿದರೆ. ಈಸ್ಟರ್ ಮೊದಲು ಕ್ರೈಸ್ತರು ಆಚರಿಸುವ ನಲವತ್ತು ದಿನದ ವ್ರತಕ್ಕೆ ಅವರು ಹೇಳುವ ಹೆಸರು "ರಂದಾನ್". ಅಮ್ಮಿಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಅಮ್ಮಿ ಅಜ್ಜಿಯ ಕಡೆ ತಿರುಗಿ "ಇನ್ಶಾ ಅಲ್ಲಾಹ್" ಎಂದರು. ಅಜ್ಜಿ ತಲೆಯಾಡಿಸಿದರು. ಆಮೇಲೆ ಇಬ್ಬರೂ ಆಟ ಆಡಿದರು. ಅಮ್ಮಿ "ದುನಿಯಾ" ಎಂದರೆ ಅಜ್ಜಿ "ದಿನ್ಯಾ" ಎನ್ನುವರು. "ಕಿತಾಬ್" ಎಂದರೆ "ಕ್ತೀಬ್". "ಕಬರ್" ಎಂದರೆ ಅವರಿಗೂ ಅದು ಗೋರಿಯೇ. ಆ ಶಬ್ದ ಬಂದಾಗ ಅಮ್ಮಿ ಆಟ ನಿಲ್ಲಿಸಿ ಬ್ಯಾಗಿನ ಮೇಲೆ ಕೈ ಇಟ್ಟರು. ಮಾಮು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಇದಕ್ಕೆ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. 870ರಲ್ಲಿ ಅರಬರು ಮಾಲ್ಟಾವನ್ನು ಗೆದ್ದರು. 1091ರಲ್ಲಿ ನಾರ್ಮನ್ನರ ಒಡೆಯ ರೋಜರ್ ದಂಡೆತ್ತಿ ಬಂದ. ಕಾಲಕ್ರಮೇಣ ದ್ವೀಪದ ಜನರೆಲ್ಲ ಕ್ಯಾಥೊಲಿಕ್ ಕ್ರೈಸ್ತರಾದರು. ಆದರೆ ಭಾಷೆ ಉಳಿಯಿತು. ಅದಕ್ಕೆ ಇಟಾಲಿಯನ್ ಶಬ್ದಗಳು ಸೇರಿದವು, ಇಂಗ್ಲಿಷ್ ಸೇರಿತು. ಬರೆಯುವುದು ರೋಮನ್ ಲಿಪಿಯಲ್ಲಿ. ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಅರಬ್ಬಿಯ ವಂಶದ ಭಾಷೆ ಇದೊಂದೇ. ಅರಬರು ಹೋದರು, ಸುಲ್ತಾನರು ಸೋತರು, ಆದರೂ ಒಂಬತ್ತು ನೂರು ವರ್ಷ ಆದ ಮೇಲೆ ತರಕಾರಿ ತರುವ ಅಜ್ಜಿಯ ಬಾಯಲ್ಲಿ ಶುಕ್ರವಾರ ಜಿಮಾ ಆಗಿಯೇ ಇದೆ.

ಮಸೀದಿ ಇರುವುದು ಪಾವೊಲಾ ಎಂಬ ಊರಿನಲ್ಲಿ. ಹೆಸರು ಮರ್ಯಮ್ ಅಲ್-ಬತೂಲ್. ಹಜರತ್ ಮರ್ಯಮ್ ಅವರ ಹೆಸರು ಕೇಳಿ ಅಮ್ಮಿಗೆ ಸಂತೋಷವಾಯಿತು. ಲಿಬಿಯಾದವರ ನೆರವಿನಿಂದ ಕಟ್ಟಿದ್ದು, 1978ರಲ್ಲಿ ಅಡಿಗಲ್ಲು ಹಾಕಿದ್ದಂತೆ. ಅದೇ ಊರಿನಲ್ಲಿ ನೆಲದೊಳಗೆ ಬಂಡೆ ಕೊರೆದು ಮಾಡಿದ, ಐದು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಸ್ಥಳವೂ ಇದೆ. 1902ರಲ್ಲಿ ಮನೆ ಕಟ್ಟಲು ಅಗೆಯುವಾಗ ಅದು ಸಿಕ್ಕಿತು. ಉಸಿರಿನ ತೇವದಿಂದ ಕಲ್ಲು ಹಾಳಾಗಬಾರದು ಎಂದು ದಿನಕ್ಕೆ 80 ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ತಿಂಗಳುಗಳ ಮೊದಲೇ ಟಿಕೆಟ್ ಮುಗಿದಿರುತ್ತದೆ. ನಮ್ಮ ಹಡಗಿನ ಒಂದಿಷ್ಟು ಜನ ಅದಕ್ಕೆಂದೇ ಬಂದಿದ್ದರು. ನಾವು ಬೋರ್ಡು ಮಾತ್ರ ನೋಡಿದೆವು.

ಮಸೀದಿಯಲ್ಲಿ ಎಲ್ಲ ದೇಶದವರೂ ಇದ್ದರು. ಲಿಬಿಯಾ, ಸಿರಿಯಾ, ಸೊಮಾಲಿಯಾ, ಬಾಂಗ್ಲಾದೇಶ, ನಮ್ಮ ಕೇರಳದವರು ಕೂಡ. ಕೆಲವರ ಬಟ್ಟೆಯ ಮೇಲೆ ಸಿಮೆಂಟಿನ ಧೂಳಿತ್ತು, ಕೆಲಸದಿಂದ ನೇರವಾಗಿ ಬಂದಿದ್ದರು. ಹೆಂಗಸರ ಜಾಗದಲ್ಲಿ ನಾನು, ಅಮ್ಮಿ ಕುಳಿತೆವು. ಖುತ್ಬಾ ಅರಬ್ಬಿಯಲ್ಲಿ. ನಾವು ಅರಬ್ಬಿ ಓದುತ್ತೇವೆ, ಅರ್ಥ ಅಷ್ಟಕ್ಕಷ್ಟೆ. ಅಲ್ಲಿ ಒಂದು ವಿಚಾರ ತಲೆಗೆ ಬಂತು. ಬಸ್ಸಿನ ಆ ಅಜ್ಜಿ ಇಲ್ಲಿ ಬಂದು ಕುಳಿತರೆ ನನಗಿಂತ ಹೆಚ್ಚು ಶಬ್ದ ಅವರಿಗೇ ತಿಳಿಯುತ್ತದೆ!

ನಮಾಜ್ ಮುಗಿದು ಗಂಡಸರು ಹೊರಗೆ ಬಂದರು, ಮಾಮು ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಅಮ್ಮಿ ಬಾಗಿಲಿನ ಕಡೆಯೇ ನೋಡುತ್ತಿದ್ದರು. ಬಂದಾಗ ಅವರ ಕಣ್ಣು ಕೆಂಪಗಿತ್ತು. "ಅಬ್ಬಾಜಾನ್‌ಗೆ ದುವಾ ಮಾಡಿದೆ" ಎಂದಷ್ಟೇ ಹೇಳಿದರು. ಅಮ್ಮಿ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

ಪಾವೊಲಾದ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ಬೆಂಚುಗಳಿವೆ. ಅಲ್ಲಿ ಕುಳಿತೆವು. ಅಮ್ಮಿ ದುಪಟ್ಟಾ ಬಿಚ್ಚಿ ಪುಸ್ತಕ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. ಮಾಮು ನೋಡಿದ ಕೂಡಲೇ ಗುರುತಿಸಿದರು. "ಇದು ಅಂಗಡಿಯದ್ದು." "ಹೌದು, ನಿನ್ನ ಲೆಕ್ಕವೂ ಇದರಲ್ಲಿದೆ" ಎಂದರು ಅಮ್ಮಿ. "ಪಢ್ ಬೇಟಾ" ಎಂದು ನನಗೆ ಹೇಳಿದರು.

ನಾನು ಓದಿದೆ. ನಾನಾ ಮಗನಿಗೆ ಒಂದು ಪ್ರತ್ಯೇಕ ಖಾತೆ ತೆರೆದಿದ್ದರು. ಮಾಮು ಹಡಗಿಗೆ ಸೇರಿದ ಮೊದಲ ತಿಂಗಳಿನಿಂದ ಕಳಿಸಿದ ಪ್ರತಿ ರೂಪಾಯಿಯೂ ಜಮಾ ಕಡೆ ಇತ್ತು. ತಾರೀಕು, ಮೊತ್ತ, ಯಾವ ಬ್ಯಾಂಕು. ಖರ್ಚಿನ ಕಡೆ: ಮಾಳಿಗೆ ರಿಪೇರಿ, ಚಿಕ್ಕ ಖಾಲಾ ಅವರ ಮದುವೆ, ನಾನಿಯ ಆಸ್ಪತ್ರೆ, ನನ್ನ ಹೈಸ್ಕೂಲಿನ ಫೀಸು. ತಮ್ಮ ಊಟ, ಬಟ್ಟೆ, ಔಷಧಿ ಎಂದು ಒಂದು ರೂಪಾಯಿಯನ್ನೂ ಬರೆದುಕೊಂಡಿರಲಿಲ್ಲ. ಅವೆಲ್ಲ ಅಂಗಡಿಯ ಪಂಕ್ಚರಿನ ದುಡ್ಡಿನಲ್ಲೇ ನಡೆದಿತ್ತು. ಆ ಅಂಗಡಿ ಯಾಕೆ ಮುಚ್ಚಲಿಲ್ಲ ಎಂಬುದಕ್ಕೆ ಉತ್ತರ ಆ ಪುಟಗಳಲ್ಲಿತ್ತು, ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮಾಮು ತಲೆ ತಗ್ಗಿಸಿ ಕೇಳುತ್ತಿದ್ದರು.

ಕೊನೆಯ ವರ್ಷದ ಅಕ್ಟೋಬರ್ ಬಂತು. ನನ್ನ ದನಿ ನಡುಗಿತು. "ನಿಲ್ಲಿಸಬೇಡ" ಎಂದರು ಮಾಮು. "ಅಲ್ಲಿ ಏನು ಬರೆದಿದ್ದಾರೆ? ಬಾಕಿ ಎಂದು ಬರೆದಿದ್ದಾರಾ?"

ಇಲ್ಲ. ಅಕ್ಟೋಬರ್, ಜಮಾ ಕಡೆ, ಮೊತ್ತ ಬರೆಯುವ ಜಾಗದಲ್ಲಿ ಹೀಗಿತ್ತು: "ಫೋನ್ ಬಂತು. 4 ನಿಮಿಷ." ನವೆಂಬರ್: "ಫೋನ್ ಬಂತು. 2 ನಿಮಿಷ." ಡಿಸೆಂಬರ್: "ಫೋನ್ ಬಂತು. 11 ನಿಮಿಷ."

ಅಕೌಂಟೆನ್ಸಿಯ ಎರಡನೆಯ ಅಧ್ಯಾಯದಲ್ಲಿ ನಾವೆಲ್ಲ ಹಣ ಮಾಪನ ಪರಿಕಲ್ಪನೆ ಓದಿದ್ದೇವೆ. ಹಣದಲ್ಲಿ ಅಳೆಯಲು ಬರುವುದನ್ನು ಮಾತ್ರ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ. ನಾನಾ ಏಳನೆಯ ಇಯತ್ತೆಯವರು, ಅವರಿಗೆ ಈ ನಿಯಮ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡ ಎಂದರೋ. ಮಗ ಸಿಟ್ಟಿನಲ್ಲಿ ಮಾಡಿದ ಎರಡು ನಿಮಿಷದ ಫೋನನ್ನೂ ಜಮಾ ಕಡೆಯೇ ಬರೆದಿದ್ದರು.

ಮಾಮು ಮೊದಲು ಏನೂ ಹೇಳಲಿಲ್ಲ. ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, "ಇದರಲ್ಲಿ ಫೋನ್ ಎಂಬುದು ಯಾವುದು, ತೋರಿಸು" ಎಂದರು. ತೋರಿಸಿದೆ. ಲಾಂಡ್ರಿಯ ಬಿಸಿಗೂ ಸೋಪಿಗೂ ಸುಲಿದುಹೋದ ಬೆರಳನ್ನು ಆ ಎರಡು ಅಕ್ಷರದ ಮೇಲೆ ಇಟ್ಟರು. "ಡಿಸೆಂಬರಿನಲ್ಲಿ ಜಗಳ ಆಡಿರಲಿಲ್ಲ ಆಪಾ" ಎಂದರು. "ಹನ್ನೊಂದು ನಿಮಿಷ ಮಾತಾಡಿದೆವು. ನಾನು ಮರೆತೇಬಿಟ್ಟಿದ್ದೆ. ಎರಡು ವರ್ಷದಿಂದ ನನಗೆ ಜಗಳ ಮಾತ್ರ ನೆನಪಿತ್ತು. ಡಿಸೆಂಬರಿನಲ್ಲಿ ಅವರು ಚಳಿ ಇದೆಯಾ, ಸ್ವೆಟರ್ ಇದೆಯಾ ಎಂದು ಕೇಳಿದ್ದರು." ಆಮೇಲೆ ಚರ್ಚಿನ ಎದುರಿನ ಆ ಬೆಂಚಿನ ಮೇಲೆ ಅಕ್ಕ ತಮ್ಮ ಇಬ್ಬರೂ ಅತ್ತರು. ಹಾದುಹೋಗುವವರು ನೋಡಿದರು. ನೋಡಲಿ ಎಂದು ನಾನೂ ಸುಮ್ಮನಿದ್ದೆ.

ಇನ್ನೂ ಒಂದು ಸಾಲು ಉಳಿದಿತ್ತು. ಕೊನೆಯ ಪುಟದಲ್ಲಿ: "ಪೋಸ್ಟ್ ಆಫೀಸಿನಲ್ಲಿ 40,000. ಮಗ ಊರಿಗೆ ಬಂದಾಗ ಕೊಡತಕ್ಕದ್ದು." ಅದರ ನಾಮಿನಿ ಮಾಮು ಅವರೇ. ಅವರು ಬಂದು ಸಹಿ ಹಾಕದೆ ಆ ಹಣ ಯಾರಿಗೂ ಸಿಗುವುದಿಲ್ಲ ಎಂದು ನಾನು ಕಾಮರ್ಸ್ ವಿದ್ಯಾರ್ಥಿನಿಯ ಗತ್ತಿನಲ್ಲಿ ವಿವರಿಸಿದೆ. ಅಮ್ಮಿ ಅಳುವಿನಲ್ಲೇ ನಕ್ಕರು. "ನೋಡು, ಹೋದ ಮೇಲೂ ನಿನ್ನನ್ನು ಊರಿಗೆ ಕರೆಯುವ ದಾರಿ ಮಾಡಿಟ್ಟಿದ್ದಾರೆ."

ಗಂಟೆ 2:10. "ಬಸ್ ಬಂತು, ಟಿಕೆಟ್ ಮುಗಿಯಲು ಐದು ನಿಮಿಷ ಇದೆ!" ಎಂದು ನಾನು ಕೂಗಿದೆ. ಮೂವರೂ ಓಡಿದೆವು. 570 ರೂಪಾಯಿ ಉಳಿಯಿತು.

ವಾಲೆಟ್ಟಾದಲ್ಲಿ ಇಳಿದು ಒಂದು ಚಿಕ್ಕ ಅಂಗಡಿಯಲ್ಲಿ ಹೊಬ್ಸ್ ಬಿಜ್‌ಜೇಯ್ತ್ ತೆಗೆದುಕೊಂಡೆವು. ಗಟ್ಟಿ ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹಾಕಿ, ಮೀನು ಇಟ್ಟು ಕೊಡುತ್ತಾರೆ. ಹೆಸರಿನ ಅರ್ಥ ಎಣ್ಣೆ ಹಾಕಿದ ರೊಟ್ಟಿ, ಅಷ್ಟೇ. ಮಾಂಸ ಇಲ್ಲ, ಆದ್ದರಿಂದ ಯೋಚನೆಯೂ ಇಲ್ಲ. ಕೋಟೆಯ ಗೋಡೆಗೆ ಒರಗಿ ತಿಂದೆವು. ಅಮ್ಮಿ, "ಸ್ವಲ್ಪ ಹಸಿಮೆಣಸಿನಕಾಯಿ ಇದ್ದಿದ್ದರೆ" ಎಂದರು. ಮಾಮು ಮೂರು ರಾತ್ರಿಗಳಲ್ಲಿ ಆಡದಷ್ಟು ಮಾತು ಆ ಅರ್ಧ ಗಂಟೆಯಲ್ಲಿ ಆಡಿದರು. ಟ್ಯೂಬು ತೂತಾಗದಿದ್ದರೂ ಸುಮ್ಮನೆ ಬರುತ್ತಿದ್ದ ಗಿರಾಕಿಗಳು, ನಾನಾ ಬಾಡಿಗೆ ಸೈಕಲ್ಲಿಗೆ ಹಾಕುತ್ತಿದ್ದ ನಂಬರುಗಳು, ಕೋಟೆಯ ದಾರಿಯ ಇಳಿಜಾರಿನಲ್ಲಿ ತಾನು ಬಿದ್ದು ಹಲ್ಲು ಮುರಿದುಕೊಂಡದ್ದು.

ಬಂದರಿನ ಗೇಟಿನಲ್ಲಿ ಪುಸ್ತಕ ಕೊಡಲು ಹೋದರೆ ಮಾಮು ತೆಗೆದುಕೊಳ್ಳಲಿಲ್ಲ. "ಕೆಳಗಿನ ಕ್ಯಾಬಿನ್‌ನಲ್ಲಿ ನಾವು ಮೂರು ಜನ. ಇಡಲು ಜಾಗ ಇಲ್ಲ. ಊರಲ್ಲೇ ಇರಲಿ. ಬಂದು ನೋಡುತ್ತೇನೆ" ಎಂದರು. 3:25ಕ್ಕೆ ಕಾರ್ಡು ತೋರಿಸಿ ಒಳಗೆ ಹೋದರು. ಸಂಜೆ ಆರಕ್ಕೆ ಹಡಗು ಹೊರಟಿತು. ಮೇಲಿನ ಡೆಕ್ಕಿನಲ್ಲಿ ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಜೇನಿನ ಬಣ್ಣದ ಊರು ಮೆಲ್ಲಗೆ ಚಿಕ್ಕದಾಯಿತು. ನಮ್ಮ ಕಾಲ ಕೆಳಗೆ ಎಲ್ಲೋ ಮಾಮು ಟವೆಲ್ ಮಡಿಸುತ್ತಿದ್ದರು.

ಬಾಕಿ ಎಂಬ ಶಬ್ದವನ್ನು ನಾವು ಕೊಡಬೇಕಾದ ಸಾಲ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅರಬ್ಬಿಯಲ್ಲಿ ಅದರ ಅರ್ಥ ಉಳಿದಿರುವುದು. ಅಲ್ಲಾಹನ ಹೆಸರುಗಳಲ್ಲಿ ಅಲ್-ಬಾಕಿ ಕೂಡ ಒಂದು, ಎಂದೆಂದೂ ಉಳಿಯುವವನು. ಕನ್ನಡದ ಲೆಕ್ಕದ ಪುಸ್ತಕದಲ್ಲಿ ಜಮಾ, ಖರ್ಚು, ಬಾಕಿ, ನಗದು ಎಂದು ಬರೆಯುವಾಗ ನಾವು ಯಾರೂ ಇವು ಎಲ್ಲಿಂದ ಬಂದವು ಎಂದು ಕೇಳುವುದಿಲ್ಲ. ಮಾಲ್ಟಾದ ಅಜ್ಜಿ ಜಿಮಾ ಎನ್ನುವಾಗ ಕೇಳದ ಹಾಗೆಯೇ. ನನ್ನ ಕನ್ನಡದಲ್ಲಿ ಉರ್ದು ವಾಸನೆ ಇದೆ ಎಂದು ಯಾರಾದರೂ ನಕ್ಕರೆ ಮೊದಲು ನಾಚಿಕೆಯಾಗುತ್ತಿತ್ತು. ಈಗ ಅಷ್ಟು ಆಗುವುದಿಲ್ಲ.

ಮಾಮು ಸೆಪ್ಟೆಂಬರ್ ಕೊನೆಯಲ್ಲಿ ಬಂದರು. ಮುಂಬೈಗಲ್ಲ, ನೇರವಾಗಿ ದುರ್ಗಕ್ಕೆ. ಮೊದಲು ಖಬ್ರಸ್ತಾನಕ್ಕೆ ಹೋದರು, ಮರುದಿನ ಪೋಸ್ಟ್ ಆಫೀಸಿಗೆ. ಮರಣ ಪ್ರಮಾಣಪತ್ರ, ಆಧಾರ್, ಅರ್ಜಿ, ಎರಡು ಸಾಕ್ಷಿ. ಫಾರ್ಮ್ ತುಂಬಿದ್ದು ನಾನೇ. ಹಣ ಕೈಗೆ ಬಂದ ದಿನ ಸಂಜೆ ಅವರು ಕೆಂಪು ಪುಸ್ತಕ ತರಿಸಿ ಕೊನೆಯ ಪುಟ ತೆಗೆದು, "ಕೆಳಗೆ ಬರೆ" ಎಂದರು. ನಾನು ತಾರೀಕು ಹಾಕಿ ಬರೆದೆ: "ಮಗ ಬಂದ. 40,000 ಸಂದಾಯವಾಯಿತು." ಮಾಮು ಅದರ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿದರು.

ಆ ಹಣದಲ್ಲಿ ನಮ್ಮ ಚೀಟಿಯ ಎರಡು ಕಂತು ಕಟ್ಟುತ್ತೇನೆ ಎಂದು ಮಾಮು ಹೇಳಿದರು. ಅಬ್ಬು ಒಪ್ಪಲಿಲ್ಲ. ಆ ಜಗಳ ಇನ್ನೂ ನಡೆಯುತ್ತಿದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ